ಮಾಡ್ಯೂಲ್ ಬದಲಿಸುವವರ ಮೇಲೊಂದು ತಕರಾರು

ರಿದಮ್‌ಗೆ ಯಾವ ಆಂಪ್ ಮಾಡ್ಯೂಲ್ ಒಳ್ಳೆಯದು, ಲೀಡ್‌ಗೆ ಯಾವುದು? ಗಿಟಾರ್ ಹಿಡಿದ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಇದರಷ್ಟು ಸೋಮಾರಿಯಾದದ್ದನ್ನು ನಾನು ಕಂಡಿಲ್ಲ. ನಿಮ್ಮ ಬ್ಯಾಂಡಿನಲ್ಲಿ ಎಷ್ಟು ಗಿಟಾರ್ ಇವೆ, ತಂತಿಯನ್ನು ಯಾವ ಶ್ರುತಿಗೆ ಇಳಿಸಿದ್ದೀರಿ, ಹಾಡುವವರ ಕಂಠ ಯಾವ ಎತ್ತರದಲ್ಲಿ ಓಡಾಡುತ್ತದೆ, ಕ್ಯಾಬಿನೆಟ್ಟಿನಲ್ಲಿ ಯಾವ ಸ್ಪೀಕರ್ ಇದೆ ಎಂದು ತಿರುಗಿ ಕೇಳಿದರೆ ಉತ್ತರವಿಲ್ಲ. ಅವರಿಗೆ ಬೇಕಾಗಿರುವುದು ಒಂದು ಹೆಸರು. ಹೆಸರು ಸಿಕ್ಕರೆ ಸಾಲಸೋಲ ಮಾಡಿ ಹಣ ಹೊಂದಿಸುತ್ತಾರೆ, ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುತ್ತಾರೆ, ಕೆಲವು ತಿಂಗಳಿಗೆ ಬೇಸತ್ತು ಮಾರುತ್ತಾರೆ, ಮತ್ತೆ ಇನ್ನೊಂದು ಹೆಸರು ಕೇಳುತ್ತಾರೆ. ಇಷ್ಟೆಲ್ಲ ನಡೆಯುವ ಹೊತ್ತಿಗೆ ಅವರ ಬ್ಯಾಂಡಿನ ರಿದಮ್ ಮೊದಲಿನಷ್ಟೇ ಮಸುಕಾಗಿರುತ್ತದೆ, ಲೀಡ್ ಮೊದಲಿನಷ್ಟೇ ಮುಳುಗಿರುತ್ತದೆ. ದುಡ್ಡು ಹೋದದ್ದಕ್ಕಿಂತ ನನಗೆ ಹೆಚ್ಚು ನೋವು ತರುವುದು ಕೇಳುವ ಅಭ್ಯಾಸ ಹೋದದ್ದು.

ಕೊಳ್ಳುವವರಲ್ಲಿ ಬಹಳ ಜನ ಮಾಡ್ಯೂಲ್ ಎಂದರೇನು ಎಂದು ವಿಚಾರಿಸಿಯೇ ಇರುವುದಿಲ್ಲ. ಅಮೆರಿಕದ ಆಂಪ್ ವಿನ್ಯಾಸಕಾರ ಬ್ರೂಸ್ ಎಗ್ನೇಟರ್ ಅವರು ಆಂಪ್‌ನ ಪ್ರೀಆಂಪ್ ಭಾಗವನ್ನಷ್ಟೇ, ಅಂದರೆ ಟೋನ್ ರೂಪಿಸುವ ಮೊದಲ ಹಂತವನ್ನು, ಬೇರ್ಪಡಿಸಿ ಒಂದು ಪುಟ್ಟ ಪೆಟ್ಟಿಗೆಗೆ ಇಳಿಸಿದರು. ಗೂಡಿನಿಂದ ಒಂದನ್ನು ಎಳೆದು ಅದೇ ಜಾಗಕ್ಕೆ ಇನ್ನೊಂದನ್ನು ಕೂರಿಸಬಹುದು. 2000ರ ದಶಕದ ಮೊದಲ ಭಾಗದಲ್ಲಿ ರಾಂಡಲ್ ಕಂಪನಿ ಇದನ್ನು ಎಂಟಿಎಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಆರ್‌ಎಂ100 ಹೆಡ್‌ನಲ್ಲಿ ಮೂರು ಗೂಡು, ಆರ್‌ಎಂ4 ರ‍್ಯಾಕ್ ಪ್ರೀಆಂಪ್‌ನಲ್ಲಿ ನಾಲ್ಕು. ಬ್ಲ್ಯಾಕ್‌ಫೇಸ್, ಟ್ವೀಡ್, ಪ್ಲೆಕ್ಸಿ, ಟಾಪ್ ಬೂಸ್ಟ್, ರೆಕ್ಟೊ ಎಂದು ಮಾಡ್ಯೂಲ್‌ಗಳಿಗೆ ಹಳೆಯ ಆಂಪ್‌ಗಳನ್ನು ನೆನಪಿಸುವ ಹೆಸರುಗಳು. ಅದೇ ಎಗ್ನೇಟರ್ ವಿಚಾರ ಇವತ್ತು ಸಿನರ್ಜಿ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಫ್ರೀಡ್‌ಮನ್, ಸೊಲ್ಡಾನೊ, ಬೋಗ್ನರ್, ಡೀಝಲ್ ಆಂಪ್‌ಗಳ ಪ್ರೀಆಂಪ್‌ಗಳು ಅಲ್ಲಿ ಎರಡೆರಡು ಚಾನೆಲ್‌ಗಳ ಮಾಡ್ಯೂಲ್‌ಗಳಾಗಿ ಸಿಗುತ್ತವೆ. ಒಳಗೆ ಇರುವುದು ಎರಡು 12ಎಎಕ್ಸ್7 ಟ್ಯೂಬು, ಒಂದಿಷ್ಟು ರೆಸಿಸ್ಟರು, ಕೆಪಾಸಿಟರು, ಗುಂಡಿಗಳು. ಎಗ್ನೇಟರ್ ಅವರದು ನಿಜಕ್ಕೂ ದೊಡ್ಡ ಉಪಕಾರ. ಒಂದೇ ಪವರ್ ಆಂಪ್ ಇಟ್ಟುಕೊಂಡು ನಾಲ್ಕು ಬಗೆಯ ವಿನ್ಯಾಸಗಳನ್ನು ಪಕ್ಕಪಕ್ಕದಲ್ಲಿ ಕೇಳಿ ಕಲಿಯುವ ಅವಕಾಶ ಅದಕ್ಕೆ ಮೊದಲು ಸಾಮಾನ್ಯ ವಾದಕನಿಗೆ ಎಲ್ಲಿತ್ತು? ಕಲಿಯಲು ಕೊಟ್ಟ ಆ ಉಪಕರಣವನ್ನು ನಾವು ಸಂಗ್ರಹಕ್ಕೆ ಬಳಸುತ್ತಿದ್ದೇವೆ.

ಮಾಡ್ಯೂಲಿನ ಮುಖದ ಮೇಲಿರುವ ಹೆಸರು ಒಂದು ಇಡೀ ಆಂಪ್‌ನದು. ಒಳಗಿರುವುದು ಆ ಆಂಪ್‌ನ ಮೊದಲ ಅರ್ಧ ಮಾತ್ರ. ವಾಕ್ಸ್ ಎಸಿ30ಯ ಹೊಳಪಿಗೆ ಅದರ ಟಾಪ್ ಬೂಸ್ಟ್ ಸರ್ಕ್ಯೂಟು ಎಷ್ಟು ಕಾರಣವೋ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲದೆ ದುಡಿಯುವ ಅದರ ನಾಲ್ಕು ಇಎಲ್84 ಪವರ್ ಟ್ಯೂಬುಗಳೂ ಅಷ್ಟೇ ಕಾರಣ. ಆ ಟ್ಯೂಬುಗಳು ನಿಮ್ಮ ಮಾಡ್ಯೂಲಿನಲ್ಲಿಲ್ಲ. ಪ್ಲೆಕ್ಸಿ ಎಂದು ಜಗತ್ತು ಕರೆಯುವ ಮಾರ್ಷಲ್ 1959 ಸೂಪರ್ ಲೀಡ್‌ಗೆ ಮಾಸ್ಟರ್ ವಾಲ್ಯೂಮ್ ಇರಲೇ ಇಲ್ಲ. ಮಾಸ್ಟರ್ ವಾಲ್ಯೂಮ್ ಇರುವ 2203 ಮಾದರಿಯನ್ನು ಮಾರ್ಷಲ್ ತಂದದ್ದು 1975ರಲ್ಲಿ. ಅದಕ್ಕೆ ಮುಂಚಿನ ಪ್ಲೆಕ್ಸಿಯ ಒರಟು ಸೊಗಸು ಹುಟ್ಟುತ್ತಿದ್ದದ್ದು ಫೇಸ್ ಇನ್ವರ್ಟರ್, ಪವರ್ ಟ್ಯೂಬ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲವೂ ಒಟ್ಟಿಗೆ ನರಳುವಷ್ಟು ಜೋರಿನಲ್ಲಿ. ಮಲಗುವ ಕೋಣೆಯಲ್ಲಿ ಮಾಸ್ಟರನ್ನು ಒಂದರ ಗುರುತಿಗಿಟ್ಟು ಪ್ಲೆಕ್ಸಿ ಮಾಡ್ಯೂಲ್ ನುಡಿಸಿ, "ಇದು ತೆಳ್ಳಗಿದೆ, ಹಳೆ ರೆಕಾರ್ಡಿನ ಹಾಗಿಲ್ಲ" ಎಂದು ದೂರುವವರು ಯಾವುದನ್ನು ಕೇಳಿ ದೂರುತ್ತಿದ್ದಾರೆ? ಆ ಸದ್ದಿನ ಅರ್ಧ ಹುಟ್ಟುವ ಜಾಗವನ್ನೇ ಅವರು ಮುಚ್ಚಿಟ್ಟಿದ್ದಾರೆ. ಇಂಥವರು ಪವರ್ ಆಂಪ್ ಯಾವುದು ಎಂಬ ಬಗ್ಗೆ ಒಂದು ಸಂಜೆಯನ್ನೂ ಕಳೆದಿರುವುದಿಲ್ಲ.

ಇನ್ನು ಗೇನ್. ನನ್ನ ಸಿಟ್ಟಿನ ಬಹುಭಾಗ ಇಲ್ಲೇ ಇದೆ.

ರಿದಮ್ ಗಿಟಾರಿಗೆ ಗೇನ್ ಹೆಚ್ಚಿಸಿದಷ್ಟೂ ಭಾರ ಬರುತ್ತದೆ ಎಂಬ ನಂಬಿಕೆ ಎಷ್ಟು ಆಳಕ್ಕಿಳಿದಿದೆ ಎಂದರೆ, ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಳಿಸಿ ನೋಡಲು ಹೇಳಿದರೆ ಅವಮಾನವಾದಂತೆ ನೋಡುತ್ತಾರೆ. ಟ್ಯೂಬು ತುಂಬಿ ಕತ್ತರಿಸತೊಡಗಿದ ಮೇಲೆ ಗೇನ್ ಏರಿಸಿದರೆ ಸದ್ದು ಜೋರಾಗುವುದಿಲ್ಲ. ಅಲೆಯ ತಲೆ ಇನ್ನಷ್ಟು ಚಪ್ಪಟೆಯಾಗುತ್ತದೆ, ಅಷ್ಟೆ. ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ಇದ್ದ ವ್ಯತ್ಯಾಸ ಅಳಿಯುತ್ತದೆ. ಪಿಕ್ ತಂತಿಗೆ ತಾಗುವ ಆ ಮೊದಲ ಪೆಟ್ಟೇ ರಿದಮ್ಮಿನ ಜೀವ. ಡ್ರಮ್ಮಿನ ಜೊತೆ ಕೂಡಿಕೊಳ್ಳುವುದು ಅದೇ, ಮೊದಲು ಸಾಯುವುದೂ ಅದೇ. ಹಾಡಿನ ನಡುವೆ ತಂತಿಯನ್ನು ಅಂಗೈಯಿಂದ ತಡೆದು ನುಡಿಸುವ ಭಾಗ ಕಿವಿಗೆ ಒಂದೇ ಎಳೆಯ ಗುಂಯ್‌ಗುಟ್ಟುವಿಕೆಯಾಗಿ ಬಂದರೆ, ಕೈ ಸರಿಯಿಲ್ಲವೋ ಗೇನ್ ಹೆಚ್ಚಾಗಿದೆಯೋ ಎಂದು ನುಡಿಸುವವರಿಗೇ ತಿಳಿಯದ ಸ್ಥಿತಿ ಬರುತ್ತದೆ. ಹೆಚ್ಚಿನ ಗೇನ್ ಕೈಯ ದೋಷವನ್ನು ಮುಚ್ಚುತ್ತದೆ. ಬಹುಮಂದಿ ಅದಕ್ಕಾಗಿಯೇ ಅದನ್ನು ಪ್ರೀತಿಸುತ್ತಾರೆ ಎಂಬುದು ನನ್ನ ಗಟ್ಟಿ ಅನುಮಾನ.

ಸ್ವರಗಳ ಲೆಕ್ಕವನ್ನೂ ನೋಡಿ. ಡಿಸ್ಟಾರ್ಷನ್ ಒಳಗೆ ಎರಡು ಸ್ವರ ಒಟ್ಟಿಗೆ ಹೋದರೆ ಅವೆರಡರ ಜೊತೆಗೆ ಅವುಗಳ ಮೊತ್ತ, ವ್ಯತ್ಯಾಸಗಳೂ ಸ್ವರಗಳಾಗಿ ಹೊರಬರುತ್ತವೆ. 110 ಹರ್ಟ್ಸ್‌ನ ಎ, ಅದರ ಮೇಲೆ 164.8 ಹರ್ಟ್ಸ್‌ನ ಇ ಸೇರಿದ ಪವರ್ ಕಾರ್ಡ್ ನುಡಿಸಿದರೆ ವ್ಯತ್ಯಾಸ 54.8. ಅದು ಒಂದು ಸ್ಥಾಯಿ ಕೆಳಗಿನ ಎ ಸ್ವರಕ್ಕೆ, ಅಂದರೆ 55ಕ್ಕೆ, ಕೂದಲೆಳೆಯಷ್ಟು ಹತ್ತಿರ. ಕಾರ್ಡ್ ತನ್ನ ಕೆಳಗೆ ತಾನೇ ಒಂದು ನೆಲಗಟ್ಟು ಹಾಕಿಕೊಳ್ಳುತ್ತದೆ. ಹೆವಿ ಮೆಟಲ್ ಇಡಿಯಾಗಿ ನಿಂತಿರುವುದು ಈ ಅದೃಷ್ಟದ ಮೇಲೆ. ಅದೇ ಎ ಮೇಲೆ ಮೇಜರ್ ಥರ್ಡ್ ಸೇರಿಸಿ, ಅಂದರೆ 138.6 ಹರ್ಟ್ಸ್‌ನ ಸಿ ಶಾರ್ಪ್. ವ್ಯತ್ಯಾಸ 28.6 ಆಗುತ್ತದೆ, ಸರಿಯಾಗಿ ಕೂರಬೇಕಾದರೆ 27.5 ಆಗಬೇಕಿತ್ತು. ಗಿಟಾರಿನ ಫ್ರೆಟ್ಟುಗಳು ಕೊಡುವ ಥರ್ಡ್ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುವುದರ ಫಲ ಇದು. ಸ್ವಚ್ಛ ಟೋನಿನಲ್ಲಿ ಯಾರೂ ಗಮನಿಸದ ಈ ಅಂತರ ಡಿಸ್ಟಾರ್ಷನ್ನಿನೊಳಗೆ ಕೊರಕಲು ಗದ್ದಲವಾಗುತ್ತದೆ. ಹಾಡಿನಲ್ಲಿ ಪೂರ್ಣ ಕಾರ್ಡುಗಳಿವೆ ಎಂದಾದರೆ ಆ ಹಾಡಿನ ರಿದಮ್ ಮಾಡ್ಯೂಲಿಗೆ ಗೇನ್ ಎಷ್ಟು ಬೇಕೆಂಬುದನ್ನು ಈ ಲೆಕ್ಕ ಆಗಲೇ ತೀರ್ಮಾನಿಸಿರುತ್ತದೆ. ಮಾಡ್ಯೂಲಿನ ಬೆಲೆ ಎಷ್ಟೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ತಂಬೂರಿಯ ಪಕ್ಕ ಕೂತು ಗಾಂಧಾರದ ಸೂಕ್ಷ್ಮಗಳನ್ನು ತಲೆದೂಗಿ ಕೇಳುವ ಪರಂಪರೆಯ ನೆಲದಲ್ಲಿ ಬೆಳೆದ ಕಿವಿಗಳು ಗಿಟಾರ್ ಕೈಗೆ ಬಂದ ಕೂಡಲೇ ಇಷ್ಟು ಮಂದವಾಗುವುದನ್ನು ನಾನು ಒಪ್ಪಲಾರೆ.

ಎಸಿ/ಡಿಸಿ ಬ್ಯಾಂಡಿನ ಮಾಲ್ಕಮ್ ಯಂಗ್ ಅವರ ಹೆಸರನ್ನು ನಮ್ಮ ಹುಡುಗರು ಎಷ್ಟು ಸಲ ಹೇಳುತ್ತಾರೆ! ದಪ್ಪ ತಂತಿ ಕಟ್ಟಿದ ಗ್ರೆಚ್ ಗಿಟಾರು, ಮಾರ್ಷಲ್ ಆಂಪು, ಅಷ್ಟೆ. 1980ರ ಬ್ಯಾಕ್ ಇನ್ ಬ್ಲ್ಯಾಕ್ ಆಲ್ಬಂನ ರಿದಮ್ಮನ್ನು ಹೆಡ್‌ಫೋನ್ ಹಾಕಿ ಒಮ್ಮೆ ಗಮನವಿಟ್ಟು ಕೇಳಿ. ನಿಮ್ಮಲ್ಲಿ ಬಹುಪಾಲು ಜನರ ಕ್ರಂಚ್ ಚಾನೆಲ್ಲಿಗಿಂತ ಅದರಲ್ಲಿ ಡಿಸ್ಟಾರ್ಷನ್ ಕಡಿಮೆ ಇದೆ. ಕಾರ್ಡಿನ ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕೇಳಿಸುತ್ತದೆ, ನಿಲ್ಲಿಸಿದ ಕಡೆ ನಿಜಕ್ಕೂ ಮೌನ ಬರುತ್ತದೆ. ಆ ಭಾರ ಬಂದದ್ದು ಬಲಗೈಯಿಂದ. ಹೆಚ್ಚು ಗೇನ್ ಇರುವ ಉದಾಹರಣೆಯೇ ಬೇಕೆಂದರೆ ಮೆಟಾಲಿಕಾದ 1986ರ ಮಾಸ್ಟರ್ ಆಫ್ ಪಪೆಟ್ಸ್ ತೆಗೆದುಕೊಳ್ಳಿ. ಮೆಸಾ ಬೂಗಿ ಮಾರ್ಕ್ 2ಸಿ ಪ್ಲಸ್ ಆಂಪ್‌ಗಳಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಒಂದೇ ರಿದಮ್ಮನ್ನು ಮತ್ತೆ ಮತ್ತೆ ನುಡಿಸಿ ಪದರದ ಮೇಲೆ ಪದರ ಕೂರಿಸಿದರು. ಆ ಗೋಡೆಯಂಥ ಸದ್ದು ಪದರಗಳ ಸಂಖ್ಯೆಯಿಂದ, ಪ್ರತಿ ಪದರದ ಕರಾರುವಾಕ್ಕಿನಿಂದ ಬಂದದ್ದು. ಅದನ್ನು ಒಬ್ಬನೇ, ಒಂದೇ ಗಿಟಾರಿನಲ್ಲಿ, ವೇದಿಕೆಯ ಮೇಲೆ ಗೇನ್ ಗುಂಡಿಯಿಂದ ತರಿಸುತ್ತೇನೆ ಎಂದು ಹೊರಡುವುದು ಕೇಳಿದ್ದನ್ನು ಅರ್ಥ ಮಾಡಿಕೊಳ್ಳದವರ ಹಟ.

ಗುಂಡಿಗಳ ವಿಷಯದಲ್ಲೂ ಇದೇ ಉದಾಸೀನ. ಎಲ್ಲ ಮಾಡ್ಯೂಲ್‌ಗಳ ಬೇಸ್, ಮಿಡ್, ಟ್ರೆಬಲ್ ಗುಂಡಿಗಳನ್ನು ಒಂದೇ ಗುರುತಿಗಿಟ್ಟು ಹೋಲಿಸಿ ತೀರ್ಪು ಕೊಡುವವರಿದ್ದಾರೆ. ಮೆಸಾ ಮಾರ್ಕ್ ಕುಟುಂಬದ ವಿನ್ಯಾಸದಲ್ಲಿ ಟೋನ್ ಗುಂಡಿಗಳು ಡಿಸ್ಟಾರ್ಷನ್ ಹುಟ್ಟುವುದಕ್ಕೆ ಮುಂಚೆ ಬರುತ್ತವೆ. ಅಲ್ಲಿ ಟ್ರೆಬಲ್ ಏರಿಸಿದರೆ ಗೇನೇ ಏರುತ್ತದೆ. ಬೇಸ್ ಏರಿಸಿದರೆ ಕೆಳಗಿನ ತಂತಿಗಳು ಕೆಸರಾಗುತ್ತವೆ. ಆದ್ದರಿಂದ ಬೇಸನ್ನು ಬಹಳ ಕೆಳಗಿಟ್ಟು, ಕಳೆದುಕೊಂಡ ತೂಕವನ್ನು ಕೊನೆಯಲ್ಲಿರುವ ಐದು ಪಟ್ಟಿಯ ಈಕ್ವಲೈಸರಿನಿಂದ ಹಿಂದಕ್ಕೆ ಪಡೆಯುತ್ತಾರೆ. ಮೈಕ್ ಸೊಲ್ಡಾನೊ ಅವರ 1987ರ ಎಸ್‌ಎಲ್‌ಓ-100ರಲ್ಲಿ ಅದೇ ಗುಂಡಿಗಳು ಡಿಸ್ಟಾರ್ಷನ್ ಆದ ಮೇಲೆ ಬರುತ್ತವೆ. ಅಲ್ಲಿ ಬೇಸ್ ಏರಿಸಿದರೆ ಸದ್ದಿನ ತೂಕ ಏರುತ್ತದೆ, ಕೆಸರು ಅಷ್ಟಾಗಿ ಹೆಚ್ಚುವುದಿಲ್ಲ. ಎರಡು ಪೆಟ್ಟಿಗೆಗಳ ಮೇಲೆ ಒಂದೇ ಪದ ಬರೆದಿದೆಯೆಂದು ಅವು ಮಾಡುವ ಕೆಲಸ ಒಂದೇ ಆಗುವುದಿಲ್ಲ. ಟೋನ್ ವಿಭಾಗ ಎಲ್ಲಿ ಕೂತಿದೆ ಎಂದು ಒಂದು ಸಲವೂ ಕೇಳದೆ ಮಾಡ್ಯೂಲ್ ಕೊಂಡವರು ಅದನ್ನು ಬೈಯುವ ಹಕ್ಕು ಸಂಪಾದಿಸಿಲ್ಲ.

ಸೊಲ್ಡಾನೊ ವಿಷಯ ಬಂದದ್ದರಿಂದ ಇನ್ನೊಂದು ಮಾತು. 1992ರಲ್ಲಿ ಬಂದ ಮೆಸಾ ಡ್ಯುಯಲ್ ರೆಕ್ಟಿಫೈಯರ್, ಅದೇ ವರ್ಷ ಎಡ್ಡಿ ವ್ಯಾನ್ ಹೇಲನ್ ಜೊತೆ ಪೀವಿ ತಂದ 5150, ಇವೆರಡರ ಪ್ರೀಆಂಪ್‌ಗಳೂ ಎಸ್‌ಎಲ್‌ಓಗೆ ಹತ್ತಿರದ ದಾಯಾದಿಗಳು. ಆದರೂ ರೆಕ್ಟಿಫೈಯರ್ ಬಗೆಯ ಮಾಡ್ಯೂಲನ್ನು ರಿದಮ್‌ಗೆ, ಎಸ್‌ಎಲ್‌ಓ ಮಾಡ್ಯೂಲನ್ನು ಲೀಡ್‌ಗೆ, 5150 ಬಗೆಯದನ್ನು "ಇನ್ನಷ್ಟು ವೈವಿಧ್ಯಕ್ಕೆ" ಎಂದು ಕೊಂಡು ಮೂರು ಗೂಡು ತುಂಬಿಸಿದವರನ್ನು ನೋಡಿದ್ದೇನೆ. ಮೂರು ಬೆಲೆ ತೆತ್ತು ಒಂದೇ ಮನೆತನದ ಮೂವರನ್ನು ಕರೆತಂದಿದ್ದಾರೆ. ರಿದಮ್‌ಗೂ ಲೀಡ್‌ಗೂ ಬೇರೆ ಬೇರೆ ಮಾಡ್ಯೂಲ್ ಬೇಕೇಬೇಕು ಎನ್ನುವವರು ಕನಿಷ್ಠ ಬೇರೆ ವಂಶದವನ್ನಾದರೂ ಆರಿಸಬೇಡವೇ? ಒಂದು ಹಳೆಯ ಮಾರ್ಷಲ್ ಬಗೆಯ ಕಡಿಮೆ ಗೇನಿನ ರಿದಮ್, ಅದರ ಮುಂದೆ ಎಸ್‌ಎಲ್‌ಓ ಬಗೆಯ ಲೀಡ್ ಇಟ್ಟು ನೋಡಿ. ಒಂದರ ಅಂಚು ಎಲ್ಲಿ ಮುಗಿಯುತ್ತದೆ, ಇನ್ನೊಂದರದು ಎಲ್ಲಿ ಶುರುವಾಗುತ್ತದೆ ಎಂದು ಕಿವಿಗೆ ಸ್ಪಷ್ಟವಾಗುತ್ತದೆ.

ಮನೆಯಲ್ಲಿ ಮೆಲ್ಲಗೆ ಆರಿಸಿದ ಟೋನನ್ನು ವೇದಿಕೆಗೆ ಹೊತ್ತೊಯ್ಯುವ ಚಾಳಿಗೆ ಕ್ಷಮೆಯೇ ಇಲ್ಲ, ಏಕೆಂದರೆ ಅದು ಏಕೆ ಕೆಡುತ್ತದೆ ಎಂಬುದು 1933ರಿಂದ ಗೊತ್ತಿರುವ ವಿಷಯ. ಆ ವರ್ಷ ಬೆಲ್ ಲ್ಯಾಬ್ಸ್‌ನ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಅವರು ಮನುಷ್ಯನ ಕಿವಿಗೆ ಬೇರೆ ಬೇರೆ ಜೋರಿನಲ್ಲಿ ಯಾವ ಕಂಪನ ಎಷ್ಟು ಕೇಳಿಸುತ್ತದೆ ಎಂದು ಅಳೆದು ಪ್ರಕಟಿಸಿದರು. ಸದ್ದು ಮೆಲ್ಲಗಿದ್ದಾಗ ಕೆಳಗಿನ ಮಂದ್ರವೂ ತೀರಾ ಮೇಲಿನ ತಾರವೂ ಕಿವಿಗೆ ಕಡಿಮೆಯಾಗಿ ತಲುಪುತ್ತವೆ, ನಡುವಿನದು ಮಾತ್ರ ಚೆನ್ನಾಗಿ ಕೇಳುತ್ತದೆ. ಆ ಕೊರತೆ ತುಂಬಲು ಮನೆಯಲ್ಲಿ ಬೇಸ್ ಏರಿಸುತ್ತೀರಿ, ಟ್ರೆಬಲ್ ಏರಿಸುತ್ತೀರಿ, ಮಿಡ್ ಇಳಿಸುತ್ತೀರಿ. ಸಿನಿಮಾದ ಸದ್ದಿನಂತೆ ವಿಶಾಲವಾಗಿ ಕೇಳಿಸುತ್ತದೆ. ಅದೇ ಗುಂಡಿಗಳೊಂದಿಗೆ ತಾಲೀಮು ಕೋಣೆಗೆ ಹೋದರೆ, ಬೇಸ್ ಗಿಟಾರಿನ ಕೆಳತಂತಿ 41 ಹರ್ಟ್ಸ್‌ನಿಂದ ಶುರುವಾಗಿ ಕೆಳಗಿನ ಜಾಗವನ್ನೆಲ್ಲ ಹಿಡಿದಿರುತ್ತದೆ. ಸಿಂಬಲ್‌ಗಳು ಮೇಲಿನದನ್ನು ಹಿಡಿದಿರುತ್ತವೆ. ಗಿಟಾರಿಗೆ ಉಳಿಯುವುದು ನಡುವೆ, ಆ ನಡುವನ್ನು ನೀವೇ ಮನೆಯಲ್ಲಿ ಕಿತ್ತು ಎಸೆದು ಬಂದಿದ್ದೀರಿ. ಆಗ ವಾಲ್ಯೂಮ್ ಏರಿಸುತ್ತೀರಿ. ಹಾಡುವವರು ತಮ್ಮದನ್ನು ಏರಿಸುತ್ತಾರೆ, ಡ್ರಮ್ಮರ್ ಇನ್ನಷ್ಟು ಬಲವಾಗಿ ಬಾರಿಸುತ್ತಾರೆ, ಕೊನೆಗೆ ಕೋಣೆಯಿಂದ ಹೊರಬರುವಾಗ ಎಲ್ಲರ ಕಿವಿಯಲ್ಲೂ ಸಿಳ್ಳೆ. ಕಿವಿಯ ಹಾನಿ ಸರಿಹೋಗುವಂಥದ್ದಲ್ಲ. ಇದರ ಮೂಲ ಹುಡುಕಿದರೆ ಎಷ್ಟೋ ಸಲ ಮಿಡ್ ಗುಂಡಿಯೊಂದೇ ಸಿಗುತ್ತದೆ.

ಮೆಟಾಲಿಕಾದವರೂ ಮಿಡ್ ಇಳಿಸುತ್ತಿದ್ದರಲ್ಲ ಎಂಬ ವಾದ ಈ ಹಂತದಲ್ಲಿ ತಪ್ಪದೆ ಬರುತ್ತದೆ. ಮಾರ್ಕ್ ಆಂಪ್‌ನ ಈಕ್ವಲೈಸರಿನಲ್ಲಿ ಅವರು ಇಳಿಸುತ್ತಿದ್ದದ್ದು ಮಿಡ್ ತುಂಬಿ ಬಂದ ಸದ್ದಿನ ತುದಿಯಲ್ಲಿ, 750 ಹರ್ಟ್ಸ್‌ನ ಪಟ್ಟಿಯಲ್ಲಿ. ಆ ಮೇಲೆ ಪದರಗಳು, ಸ್ಟುಡಿಯೋ, ಬಹಳ ಜೋರಿನ ಕ್ಯಾಬಿನೆಟ್ಟು. ಅದರ ನೆರಳನ್ನು ನೋಡಿ ನಿಮ್ಮ ಮಾಡ್ಯೂಲಿನ ಮಿಡ್ ಗುಂಡಿಯನ್ನು ಸೊನ್ನೆಗಿಳಿಸುವುದು ಬೇರೆಯೇ ಕೆಲಸ.

ಲೀಡ್ ವಿಷಯಕ್ಕೆ ಬರೋಣ. ಲೀಡ್ ಟೋನನ್ನು ಒಂಟಿಯಾಗಿ ಆರಿಸುವುದೇ ತಪ್ಪು. ರಿದಮ್ ಬಿಟ್ಟುಕೊಟ್ಟ ಜಾಗದಲ್ಲಿ ಲೀಡ್ ನಿಲ್ಲಬೇಕು. ರಿದಮ್ ಜಾಗವನ್ನೇ ಬಿಟ್ಟಿಲ್ಲವೆಂದರೆ ಲೋಕದ ಯಾವ ಮಾಡ್ಯೂಲೂ ಅದನ್ನು ಹೊರಗೆ ತರಲಾರದು. ಲೀಡ್‌ಗೆ ಬದಲಿಸಿದ ಕೂಡಲೇ ಇನ್ನಷ್ಟು ಗೇನ್, ಮೇಲೊಂದಿಷ್ಟು ಡಿಲೇ, ರಿವರ್ಬ್. ಎದ್ದು ಕೇಳಬೇಕಾದದ್ದು ಅಲ್ಲಿಗೆ ಹಿಂದಕ್ಕೆ ಸರಿಯುತ್ತದೆ. ಹೆಚ್ಚು ಗೇನ್ ಎಂದರೆ ಹೆಚ್ಚು ಕಂಪ್ರೆಷನ್, ಹೆಚ್ಚು ಕಂಪ್ರೆಷನ್ ಎಂದರೆ ಸಮತಟ್ಟಾದ ಸದ್ದು. ಲೀಡ್‌ಗೆ ಬೇಕಾದದ್ದು ನಡುಸ್ತರದ ಒಂದು ಉಬ್ಬು, ಸ್ವರವನ್ನು ಎಳೆದು ನಿಲ್ಲಿಸುವಷ್ಟು ಸಸ್ಟೇನ್, ಮತ್ತು ಪ್ರೀಆಂಪ್ ಆದ ಮೇಲೆ ಸಿಗುವ 3ರಿಂದ 5 ಡೆಸಿಬೆಲ್ ಎತ್ತರ. ಈ ಎತ್ತರವನ್ನು ಎಫೆಕ್ಟ್ಸ್ ಲೂಪಿನಲ್ಲಿ ಒಂದು ಅಗ್ಗದ ಬೂಸ್ಟ್ ಪೆಡಲ್ ಕೊಡುತ್ತದೆ, ಮಾಡ್ಯೂಲಿನದೇ ಮಾಸ್ಟರ್ ಗುಂಡಿ ಕೊಡುತ್ತದೆ. ಎಂಟಿಎಸ್ ಮಾಡ್ಯೂಲ್‌ಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಮಾಸ್ಟರ್ ಇಟ್ಟದ್ದು ಇದಕ್ಕೇ. ಆ ಗುಂಡಿಗಳನ್ನು ಬ್ಯಾಂಡಿನ ಜೊತೆ ನಿಂತು ಒಂದಕ್ಕೊಂದು ಹೊಂದಿಸಿದವರು ಎಷ್ಟು ಜನ?

ರಾಂಡಲ್ ಕಂಪನಿ ಮೆಟಾಲಿಕಾದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಹೆಸರಿನಲ್ಲಿ ಮೂರು ಮಾಡ್ಯೂಲ್ ತಂದಿತ್ತು: ಸ್ವಚ್ಛ ಟೋನಿಗೆ ಕೆಎಚ್-1, ರಿದಮ್‌ಗೆ ಕೆಎಚ್-2, ಲೀಡ್‌ಗೆ ಕೆಎಚ್-3. ಬೆಂಗಳೂರಿನಲ್ಲಿ ಈ ಹೆಸರಿಗಿರುವ ತೂಕ ನನಗೆ ಚೆನ್ನಾಗಿ ಗೊತ್ತು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ ಸಂಜೆಯನ್ನು ಇಲ್ಲಿಯ ಒಂದು ತಲೆಮಾರು ಇನ್ನೂ ಎದೆಯಲ್ಲಿಟ್ಟುಕೊಂಡಿದೆ. ಆ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಪ್ರೀತಿಯಿಂದ ಕೊಳ್ಳುವಾಗ ಯೋಚಿಸಬೇಕಾದದ್ದು ಒಂದಿದೆ: ಹ್ಯಾಮೆಟ್ ಅವರ ರಿದಮ್ ಎಂದರೆ ಹೆಟ್‌ಫೀಲ್ಡ್ ಪಕ್ಕದಲ್ಲಿ ನಿಂತಿರುವ ರಿದಮ್. ಹಾಡಿನ ಬೆನ್ನೆಲುಬನ್ನು ಇನ್ನೊಬ್ಬರು ಹೊತ್ತಿರುವಾಗ ಪಕ್ಕದಿಂದ ಕೂಡಿಕೊಳ್ಳುವ ಗಿಟಾರು ಅದು. ನಿಮ್ಮ ಬ್ಯಾಂಡಿನಲ್ಲಿ ಇರುವುದು ಒಂದೇ ಗಿಟಾರ್ ಎಂದಾದರೆ ನಿಮ್ಮ ಅಗತ್ಯ ಹ್ಯಾಮೆಟ್ ಅವರದಲ್ಲ, ಹೆಟ್‌ಫೀಲ್ಡ್ ಅವರದೂ ಅಲ್ಲ. ಇಬ್ಬರು ಗಿಟಾರ್ ವಾದಕರಿದ್ದರೆ ಒಬ್ಬರು ಕೊಂಡ ಮಾಡ್ಯೂಲನ್ನೇ ಇನ್ನೊಬ್ಬರೂ ಕೊಂಡು, ಇಬ್ಬರೂ ಒಂದೇ ಕಂಪನದ ಜಾಗಕ್ಕೆ ನುಗ್ಗುವುದನ್ನು ನಮ್ಮ ಊರಿನಲ್ಲೇ ಎಷ್ಟು ಕೇಳಿಲ್ಲ! 1998ರಿಂದ ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡ್ ಹಳೆಯ ಶೈಲಿಯ ಹೆವಿ ಮೆಟಲ್ ನುಡಿಸುತ್ತ ಬಂದಿದೆ, ಜೋಡಿ ಗಿಟಾರಿನ ಹಾರ್ಮನಿ ಆ ಶೈಲಿಯ ಉಸಿರು. ಅವರ ರೆಕಾರ್ಡುಗಳಲ್ಲಿ ಎರಡು ಗಿಟಾರ್ ಒಂದಕ್ಕೊಂದು ಹೇಗೆ ದಾರಿ ಬಿಡುತ್ತವೆ ಎಂದು ಕುಳಿತು ಕೇಳಿದವರು ತಮ್ಮ ಜೊತೆಗಾರನ ಟೋನನ್ನು ಕೇಳದೆ ಮಾಡ್ಯೂಲ್ ಕೊಳ್ಳಲು ಹೋಗಬಾರದು.

ವಿಡಿಯೋ ನೋಡಿ ಆರಿಸುವವರಿಗೆ ಹೆಚ್ಚು ಹೇಳುವುದಿಲ್ಲ. ನೀವು ಕೇಳುತ್ತಿರುವುದು ಮಾಡ್ಯೂಲನ್ನು, ಅದರ ಮುಂದಿನ ಪವರ್ ಆಂಪನ್ನು, ಯಾರದೋ ಕ್ಯಾಬಿನೆಟ್ಟನ್ನು, ಮೈಕನ್ನು, ಆಮೇಲೆ ಮಾಡಿದ ಈಕ್ವಲೈಸಿಂಗನ್ನು, ಎಡಬಲಕ್ಕೆ ಹಂಚಿದ ಎರಡು ಟ್ರ್ಯಾಕುಗಳನ್ನು, ಎಲ್ಲಕ್ಕೂ ಮಿಗಿಲಾಗಿ ಬೇರೊಬ್ಬರ ಬೆರಳುಗಳನ್ನು. ಮೈಕನ್ನು ಸ್ಪೀಕರಿನ ನಡುವಿನಿಂದ ಒಂದಂಗುಲ ಅಂಚಿಗೆ ಸರಿಸಿದರೆ ಬರುವ ವ್ಯತ್ಯಾಸ ಎಷ್ಟೋ ಮಾಡ್ಯೂಲುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಇನ್ನು ಎರಡು ಸದ್ದುಗಳಲ್ಲಿ ಸ್ವಲ್ಪ ಜೋರಾಗಿರುವುದು ಸಾಮಾನ್ಯವಾಗಿ ಹೆಚ್ಚು ಚೆಂದ ಕೇಳುತ್ತದೆ. ಜೋರನ್ನು ಸಮ ಮಾಡದೆ ಹೋಲಿಸಿದರೆ ನೀವು ಆರಿಸಿದ್ದು ವಾಲ್ಯೂಮನ್ನು.

ಅಂಗಡಿಯಲ್ಲಿ ಪರೀಕ್ಷಿಸುವ ರೀತಿಯೂ ಇದಕ್ಕಿಂತ ಮೇಲಲ್ಲ. ಎಲ್ಲರೂ ನುಡಿಸುವುದು ಒಂದೇ ವೇಗದ ಸೋಲೊ ತುಣುಕು, ಒಂದೇ ತಡೆದ ತಂತಿಯ ರಿಫ್. ಬ್ಯಾಂಡಿನಲ್ಲಿ ನೂರಕ್ಕೆ ತೊಂಬತ್ತು ಭಾಗ ನುಡಿಸಬೇಕಾದ ಸಾದಾ ಕಾರ್ಡುಗಳನ್ನು, ತೆರೆದ ತಂತಿಗಳೊಂದಿಗೆ, ಗಿಟಾರಿನ ವಾಲ್ಯೂಮನ್ನು ಏಳಕ್ಕೆ, ಐದಕ್ಕೆ ಇಳಿಸಿ ನುಡಿಸಿ ನೋಡುವವರನ್ನು ನಾನು ಕಂಡದ್ದು ತೀರಾ ಅಪರೂಪ. ಒಳ್ಳೆಯ ಪ್ರೀಆಂಪ್ ತನ್ನ ಗುಣ ತೋರಿಸುವುದು ಅಲ್ಲೇ. ವಾಲ್ಯೂಮ್ ಇಳಿಸಿದಾಗ ಸದ್ದು ಸ್ವಚ್ಛವಾಗುತ್ತ ಬರುತ್ತದೋ, ಬರೀ ಮಂಕಾಗುತ್ತದೋ? ಮೊದಲನೆಯದಾದರೆ ಆ ಒಂದೇ ಮಾಡ್ಯೂಲಿನಲ್ಲಿ ನಿಮ್ಮ ರಿದಮ್ಮೂ ಲೀಡೂ ಎರಡೂ ಇವೆ, ಇನ್ನೊಂದಕ್ಕೆ ಹಣ ಸುರಿಯುವ ಕೆಲಸವೇ ಇಲ್ಲ. ಎರಡು ಚಾನೆಲ್ಲಿನ ಮಾಡ್ಯೂಲ್ ಆದರೆ ಎರಡಕ್ಕೂ ಟೋನ್ ಗುಂಡಿಗಳು ಬೇರೆ ಬೇರೆಯೋ, ಹಂಚಿಕೊಂಡಿವೆಯೋ ಎಂದು ನೋಡಿ. ಹಂಚಿಕೊಂಡಿದ್ದರೆ ರಿದಮ್‌ಗೆ ಸರಿಯಾದದ್ದು ಲೀಡ್‌ಗೆ ಚುಚ್ಚುತ್ತದೆ.

ಬೇಸ್ ಕೆಸರಾಗಿದೆ ಎಂದು ಮಾಡ್ಯೂಲ್ ಮಾರಲು ಹೊರಟವರು ಮೊದಲು ಒಂದು ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲನ್ನು ಮುಂದಿಟ್ಟು ನೋಡಲಿ. ಡ್ರೈವ್ ಸೊನ್ನೆ, ಲೆವೆಲ್ ಜಾಸ್ತಿ. ಆ ಸರ್ಕ್ಯೂಟು ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಕಡಿಮೆ ಬಲ ಕೊಡುತ್ತದೆ, ಹೀಗಾಗಿ ಪ್ರೀಆಂಪಿಗೆ ಹೋಗುವ ಮಂದ್ರ ಬಿಗಿಯಾಗುತ್ತದೆ. ಗೇನ್ ಹೆಚ್ಚಾಗಿದೆ ಎನಿಸಿದರೆ ಮೊದಲ ಜಾಗದ 12ಎಎಕ್ಸ್7 ತೆಗೆದು 5751 ಹಾಕಿ ನೋಡಿ. ಮೊದಲನೆಯದರ ವರ್ಧನಾಂಕ 100, ಎರಡನೆಯದರದು 70. ಒಂದು ಪೆಡಲಿನ ಇಲ್ಲವೇ ಒಂದು ಟ್ಯೂಬಿನ ಬೆಲೆಯಲ್ಲಿ ಮುಗಿಯುವ ಪರೀಕ್ಷೆಗಳು ಇವು. ಇವನ್ನು ಮಾಡದೆ ಇಡೀ ಮಾಡ್ಯೂಲನ್ನು ಕೆಟ್ಟದ್ದೆಂದು ತೀರ್ಪು ಕೊಟ್ಟು ಮಾರುವವರು, ಅದನ್ನು ಕೊಳ್ಳುವ ಮುಂದಿನವನಿಗೂ ತಮ್ಮ ಅಜ್ಞಾನವನ್ನು ದಾಟಿಸುತ್ತಾರೆ.

ಸ್ಪೀಕರಿನ ಬಗ್ಗೆ ಮಾತಾಡುವವರೇ ಇಲ್ಲದಿರುವುದು ನನಗೆ ಎಲ್ಲಕ್ಕಿಂತ ಆಶ್ಚರ್ಯ. ಹನ್ನೆರಡು ಅಂಗುಲದ ಗಿಟಾರ್ ಸ್ಪೀಕರ್ ಸುಮಾರು 75ರಿಂದ 5000 ಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ, ಅದರೊಳಗೂ ತನ್ನದೇ ಉಬ್ಬು ತಗ್ಗುಗಳೊಂದಿಗೆ. ಸೆಲೆಸ್ಟಿಯನ್‌ನ 25 ವ್ಯಾಟಿನ ಗ್ರೀನ್‌ಬ್ಯಾಕಿಗೂ 60 ವ್ಯಾಟಿನ ವಿಂಟೇಜ್ 30ಕ್ಕೂ ನಡುವೆ ಇರುವ ಅಂತರ ಕೇಳಿದವರು ಮಾಡ್ಯೂಲಿನ ಚರ್ಚೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತಾರೆ. ಹೆಸರುವಾಸಿ ಮಾಡ್ಯೂಲನ್ನು ರ‍್ಯಾಕ್ ಪ್ರೀಆಂಪಿನ ಗೂಡಿನಲ್ಲಿ ಕೂರಿಸಿ ತಂದು ತಾಲೀಮು ಕೋಣೆಯ ಹರಕು ಕಾಂಬೊದ ಇನ್‌ಪುಟ್ಟಿಗೆ ಸಿಕ್ಕಿಸಿ, ಅಂದರೆ ಒಂದು ಪ್ರೀಆಂಪಿನ ಮುಂದೆ ಇನ್ನೊಂದು ಪ್ರೀಆಂಪ್ ಇಟ್ಟು, ನಿರಾಸೆಗೊಂಡವರಿದ್ದಾರೆ. ಆ ಕಾಂಬೊದ ಹಿಂದೆ ಎಫೆಕ್ಟ್ಸ್ ರಿಟರ್ನ್ ಎಂಬ ತೂತಿದ್ದರೆ ಅಲ್ಲಿಗೆ ಸಿಕ್ಕಿಸಬೇಕು. ಆಗ ಅದರ ಪವರ್ ಆಂಪ್ ಮಾತ್ರ ಕೆಲಸಕ್ಕೆ ಬರುತ್ತದೆ. ಎರಡನೇ ಕೈಯಿಂದ ಅಮೆರಿಕದ ಹೆಡ್ ತರಿಸುವವರಿಗೆ ಇನ್ನೊಂದು ಎಚ್ಚರಿಕೆ: ಅದು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು, ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. 60ಕ್ಕೆ ಮಾತ್ರ ಲೆಕ್ಕ ಹಾಕಿದ ಟ್ರಾನ್ಸ್‌ಫಾರ್ಮರು 50ರಲ್ಲಿ ಹೆಚ್ಚು ಕಾಯುತ್ತದೆ. ಅರ್ತಿಂಗ್ ಸರಿಯಿಲ್ಲದ ಪ್ಲಗ್ಗಿಗೆ ಟ್ಯೂಬ್ ಆಂಪ್ ಸಿಕ್ಕಿಸುವುದಂತೂ ಪ್ರಾಣದ ಜೊತೆ ಆಟ. ಹಮ್ ಬರುತ್ತದೆಂದು ಅರ್ತ್ ಪಿನ್ನನ್ನೇ ಮುರಿಯುವವರನ್ನು ಬ್ಯಾಂಡಿನವರು ಅಲ್ಲೇ ತಡೆಯಬೇಕು.

ಮುಂದಿನ ತಾಲೀಮಿಗೆ ಒಂದು ಕೆಲಸ ಇಟ್ಟುಕೊಳ್ಳಿ. ಹೊಸದೇನನ್ನೂ ಕೊಳ್ಳಬೇಡಿ. ಫೋನನ್ನು ಹಾಡುವವರು ನಿಲ್ಲುವ ಜಾಗದಲ್ಲಿಟ್ಟು ನಿಮ್ಮದೇ ಒಂದು ಹಾಡನ್ನು ಮೂರು ಸಲ ರೆಕಾರ್ಡ್ ಮಾಡಿ. ಮೊದಲನೆಯದು ಈಗಿರುವ ಗುಂಡಿಗಳಲ್ಲಿ. ಎರಡನೆಯದು ರಿದಮ್ಮಿನ ಗೇನನ್ನು ಅರ್ಧಕ್ಕಿಳಿಸಿ, ಮಿಡ್ಡನ್ನು ನಿಮಗೆ ಅಸಹ್ಯವೆನಿಸುವಷ್ಟು ಏರಿಸಿ. ಮೂರನೆಯದು ಅದೇ ರಿದಮ್ಮಿನೊಂದಿಗೆ, ಲೀಡ್‌ಗೆ ಗೇನ್ ಮುಟ್ಟದೆ ಮಾಸ್ಟರ್ ಮಾತ್ರ ಏರಿಸಿ. ಆ ರಾತ್ರಿ ಕೇಳಬೇಡಿ, ಕಿವಿ ದಣಿದಿರುತ್ತದೆ. ಮರುದಿನ ಬೆಳಗ್ಗೆ ಬೇಸ್ ನುಡಿಸುವವರನ್ನೂ ಹಾಡುವವರನ್ನೂ ಕೂರಿಸಿಕೊಂಡು ಮೂರನ್ನೂ ಒಂದೇ ಜೋರಿನಲ್ಲಿ ಕೇಳಿ. ಯಾವುದರಲ್ಲಿ ಸಾಹಿತ್ಯದ ಪದಗಳು ತಿಳಿಯುತ್ತವೆ, ಯಾವುದರಲ್ಲಿ ಕಾರ್ಡ್ ಬದಲಾದದ್ದು ಗೊತ್ತಾಗುತ್ತದೆ, ಸೋಲೊ ಶುರುವಾದದ್ದನ್ನು ಯಾರೂ ಬೊಟ್ಟು ಮಾಡದೆಯೂ ಹಿಡಿಯಬಹುದೇ ಎಂದು ಅವರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಇಷ್ಟಾದ ಮೇಲೂ ನಿಮ್ಮ ಮಾಡ್ಯೂಲಿನಿಂದ ಸಿಗದೆ ಉಳಿದದ್ದು ಏನು ಎಂದು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವಾದರೆ, ಆ ವಾಕ್ಯವನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ.